ಬಾಗಿಲಿಗೆ ಅಡ್ಡ ನಿಂತ ಅತ್ತೆ

ನರ್ಸ್ ನನ್ನ ಹೆಸರು ಕರೆದ ಕೂಡಲೇ ಅತ್ತೆ ಎದ್ದು ಬಾಗಿಲಿಗೆ ಅಡ್ಡ ನಿಂತರು. ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಅಂದು ನನಗೆ ಕೃತಕ ಗರ್ಭಧಾರಣೆ ಮಾಡುವವರಿದ್ದರು.

“ಖರೇ ಹೇಳ್ರಿ, ಯಾರದೋ ಬೀಜ ತಂದು ನಮ್ಮ ಸೊಸಿಗೆ ಹಾಕಾಕತ್ತೀರೇನ್ರಿ?” ಎಂದು ವೈದ್ಯೆಯನ್ನು ಕೇಳಿಯೇಬಿಟ್ಟರು.

ವೈದ್ಯೆ ನನ್ನ ಗಂಡನ ಮುಖ ನೋಡಿದರು. ಕೊರತೆ ಇವರದೆಂದು ನಾವು ಮನೆಯಲ್ಲಿ ಹೇಳಿರಲಿಲ್ಲ. ನಾಲ್ಕು ವರ್ಷದಿಂದ ಬಂಜೆ ಎಂಬ ಮಾತನ್ನು ನಾನೇ ನುಂಗಿಕೊಂಡಿದ್ದೆ. ಪ್ರಯೋಗಾಲಯದಲ್ಲಿ ತೊಳೆದು ಸಿದ್ಧಪಡಿಸಿದ ವೀರ್ಯವನ್ನು ಹೆಚ್ಚು ಹೊತ್ತು ಇಡುವಂತಿಲ್ಲ ಎಂದು ನರ್ಸ್ ಅವಸರಿಸಿದರು. ಅತ್ತೆ ಕದಲಲಿಲ್ಲ.

ಕೊನೆಗೆ ಗಂಡ ತಲೆ ತಗ್ಗಿಸಿಯೇ ಹೇಳಿದರು: “ಯವ್ವಾ, ಅದು ನಂದ ಐತಿ. ಆಕೀಗೇನೂ ಆಗಿಲ್ಲ, ನನಗ ವೀರ್ಯಾಣು ಕಡಿಮಿ ಅದಾವು. ಅದಕ್ಕ ಛಲೋ ಇದ್ದವನ್ನ ಆರಿಸಿ ಗರ್ಭಚೀಲದಾಗ ಬಿಡ್ತಾರ.”

ಅತ್ತೆ ಮಗನನ್ನೇ ದಿಟ್ಟಿಸಿದರು. ಆಮೇಲೆ ನನ್ನ ಕೈ ಹಿಡಿದು ತಾವೇ ಒಳಗೆ ಕರೆದೊಯ್ದರು.

ಆ ಸಲ ಗರ್ಭ ನಿಲ್ಲಲಿಲ್ಲ. ಮುಂದಿನ ತಿಂಗಳು ಮತ್ತೆ ಹೋಗಬೇಕು. ಓಣಿಯ ಹೆಂಗಸರು ಈಗಲೂ ನನ್ನನ್ನು ಕೆಣಕುತ್ತಾರೆ. ಅವರಿಗೆ ಉತ್ತರ ಕೊಡುವ ಕೆಲಸವನ್ನು ಮಾತ್ರ ಅತ್ತೆ ತಾವೇ ವಹಿಸಿಕೊಂಡಿದ್ದಾರೆ.