ಕಲ್ಲು ತಟ್ಟುವ ಹೊತ್ತು

ಅರವತ್ತರ ದಶಕದಲ್ಲಿ, ಇಂಡಿ ಊರಿನ ಪ್ರಹ್ಲಾದರಾಯರ ಕಾರ್ಖಾನೆಗೆ ಕರೆಂಟು ಬಂದಂದಿನಿಂದ, ಅಲ್ಲಿಯ ಸಾಣೆಕಲ್ಲಿನ ಮುಂದೆ ಕೂತವನು ಮೋದಿನಸಾಬ. ಸುತ್ತಲಿನ ಹಳ್ಳಿಗಳ ಕುಡಗೋಲುಗಳೆಲ್ಲ ಅವನ ಕೈಯಲ್ಲೇ ಹರಿತವಾಗುತ್ತಿದ್ದವು. ಮೋಟಾರಿನ ಸಪ್ಪಳ ಸಂಜೆಗೆ ನಿಲ್ಲುತ್ತಿತ್ತು. ಅವನ ಕಿವಿಯೊಳಗೆ ಮಾತ್ರ ನಿಲ್ಲುತ್ತಿರಲಿಲ್ಲ. ಬರಬರುತ್ತ ಅದೊಂದೇ ಉಳಿದು, ಬೇರೆಲ್ಲ ಸದ್ದೂ ದೂರ ಸರಿಯಿತು. ಇದು ಗೊತ್ತಿದ್ದದ್ದು ಹೆಂಡತಿ ಅಮೀನಾಬಿಗೆ ಮಾತ್ರ. ರಾಯರಿಗೆ ತಿಳಿದರೆ ಸಾಣೆಯ ಕೆಲಸ ಹೋಗುತ್ತದೆಂದು ಅವನು ತುಟಿ ನೋಡಿ ತಲೆಯಾಡಿಸುತ್ತಿದ್ದ.

ಹೊಸ ಕಲ್ಲು ಮೋಟಾರಿಗೆ ಏರಿಸುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು. ಗಟ್ಟಿ ಕಲ್ಲು ಟಣ್ಣೆನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಬದ್ದೆನ್ನುತ್ತದೆ. ಅಂಥದ್ದು ತಿರುಗುವಾಗ ಒಡೆದರೆ ಎದುರಿಗಿದ್ದವನ ಎದೆಗೇ ಬಡಿಯುತ್ತದೆ. ಎದುರಿಗೆ ಕುಲುಮೆಯ ತಿದಿ ಒತ್ತುತ್ತ ಕೂತಿರುತ್ತಿದ್ದವನು ನಿಜಾಮುದ್ದೀನ. ಹಿಂದಿನ ಕಲ್ಲನ್ನು ಮೋದಿನಸಾಬ ದೇವರ ಮೇಲೆ ಭಾರ ಹಾಕಿ ಏರಿಸಿದ್ದ. ಅದು ಸವೆಯುವವರೆಗೂ ಅವನಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ.

ಜೋಳದ ಕೊಯ್ಲಿನ ದಿನಗಳಲ್ಲಿ ಸೊಲ್ಲಾಪುರದಿಂದ ಮತ್ತೊಂದು ಕಲ್ಲು ಬಂತು. ತಟ್ಟಿದ. ಕಿವಿಗೆ ಹತ್ತಿರ ತಂದು ಮತ್ತೆ ತಟ್ಟಿದ. ಏನೂ ಇಲ್ಲ. ರೊಟ್ಟಿ ತಂದಿದ್ದ ಅಮೀನಾಬಿಯ ಕಡೆ ಕಲ್ಲು ಚಾಚಿದ. ಸಂತೆಯಲ್ಲಿ ಗಡಿಗೆ ಕೊಳ್ಳುವವಳ ಹಾಗೆ ಅವಳು ಎರಡೂ ಕಡೆ ತಟ್ಟಿ ಮುಖ ಕಿವುಚಿದಳು.

“ಈ ಗಡಗಿ ನಾ ಅಂತೂ ಮನಿಗೆ ಒಯ್ಯೂದಿಲ್ಲ,” ಎಂದು ಕೈಯಾಡಿಸಿದಳು.

ಅಷ್ಟರಲ್ಲಿ ರಾಯರು ಬಂದರು. “ಏನೋ ಮೋದಿನ, ನಿನ್ನ ಹೆಂಡ್ತಿ ಯಾವಾಗಿಂದ ಮೇಸ್ತ್ರಿ ಆಗ್ಯಾಳ? ಕುಡಗೋಲು ಗುಡ್ಡಾ ಬಿದ್ದಾವ. ಏರ್ಸು.”

“ಕಲ್ಲು ಚಲೋ ಇಲ್ರಿ, ರಾಯರ.”

ಅಷ್ಟಕ್ಕೇ ಬಿಟ್ಟಿದ್ದರೆ ಅವನ ಜಾಗ ಉಳಿಯುತ್ತಿತ್ತು. ತಿದಿಯ ಹತ್ತಿರದಿಂದ ನಿಜಾಮುದ್ದೀನ ಅವನನ್ನೇ ನೋಡುತ್ತಿದ್ದ. ಇವತ್ತು ಅಮೀನಾಬಿ ಇದ್ದಳು. ಮುಂದಿನ ಕಲ್ಲು ಬಂದಾಗ? ಮೋದಿನಸಾಬ ದಣಿದಿದ್ದ. ದುಡಿದದ್ದಕ್ಕಿಂತ ಮುಚ್ಚಿಟ್ಟದ್ದಕ್ಕೇ ಹೆಚ್ಚು ದಣಿದಿದ್ದ.

“ನಾ ತಟ್ಟಿದ್ದು ನನಗ ಕೇಳಲಿಲ್ರಿ. ಭಾಳ ದಿನ ಆತು, ಕಿವಿ ಹೋಗ್ಯಾವ.”

ರಾಯರು ತಾವೇ ತಟ್ಟಿ ನೋಡಿದರು. ಬದ್ದೆಂದ ಕಲ್ಲನ್ನು ಗೋಡೆಗೆ ಒರಗಿಸಿದರು.

ಮರುದಿನದಿಂದ ನಿಜಾಮುದ್ದೀನ ಸಾಣೆಗೆ, ಮೋದಿನಸಾಬ ತಿದಿಗೆ.

“ಎದಿ ಒಡ್ಡೂ ಪಾಳಿ ಈಗ ನಿಂದು, ಕಾಕಾ,” ಎಂದು ನಿಜಾಮುದ್ದೀನ ನಕ್ಕ. ತುಟಿ ನೋಡಿ ತಿಳಿದು ಅವನೂ ನಕ್ಕ.

ಹೊಸ ಕಲ್ಲು ಬಂದ ದಿನ ಮಾತ್ರ, ನಿಜಾಮುದ್ದೀನನ ಗೆಣ್ಣು ಅದಕ್ಕೆ ಬಡಿಯುವುದನ್ನು ಕಣ್ಣಾರೆ ಕಾಣುವವರೆಗೆ ಅವನು ತಿದಿ ಒತ್ತುತ್ತಿರಲಿಲ್ಲ. ಕುಲುಮೆಯ ಬೆಂಕಿ ಕಪ್ಪಾಗುತ್ತಿತ್ತು. ರಾಯರು ಹಿಂದಿನಿಂದ ಬೈಯುತ್ತಿದ್ದರು. ಅದು ಅವನಿಗೆ ಕೇಳಿಸುತ್ತಿರಲಿಲ್ಲ.