ತಾರೀಖಿಲ್ಲದ ಚೀಟಿಗಳು

ನಮ್ಮ ವನ್ಯಜೀವಿ ಸಂಶೋಧನಾ ಕೇಂದ್ರದಲ್ಲಿ ತೋಳ ನೋಡಿದವರಿಗಿಂತ ತೋಳದ ದಾಖಲೆ ಇಟ್ಟವರಿಗೇ ಮರ್ಯಾದೆ ಜಾಸ್ತಿ. ಹನ್ನೊಂದು ವರ್ಷ ಆ ಮರ್ಯಾದೆಯೆಲ್ಲ ಗುಲ್ನಾಜ್ ಒಬ್ಬಳದೇ ಆಗಿತ್ತು. ಹಿರಿಯೂರಿನಲ್ಲಿ ಬೀಗ ರಿಪೇರಿ ಮಾಡುವ ಕರೀಂ ಸಾಬರ ಮಗಳು. ಬಿಸಿಎ ಮುಗಿಸಿ ದಾಖಲೆ ವಿಭಾಗಕ್ಕೆ ಸೇರಿದಾಗ ಕಾಗದಗಳೆಲ್ಲ ಗೋಣಿಚೀಲದಲ್ಲಿದ್ದವು. ವರ್ಷ ತುಂಬುವಷ್ಟರಲ್ಲಿ ಒಂದೊಂದು ಹೆಜ್ಜೆಗುರುತೂ ಒಂದೊಂದು ಕ್ಯಾಮೆರಾ ಫೋಟೊವೂ ಕಂಪ್ಯೂಟರ್‌ನಲ್ಲಿ ಕೂತವು. ಹೊರಗಿನಿಂದ ಬಂದ ವಿಜ್ಞಾನಿಗಳು "ಇಷ್ಟು ಶುದ್ಧವಾದ ದಾಖಲೆ ಎಲ್ಲೂ ನೋಡಿಲ್ಲ" ಅಂದರೆ ದುಪಟ್ಟಾ ಸರಿಮಾಡಿಕೊಂಡು ನಗುತ್ತಿದ್ದಳು. ಜಂಬ ಇತ್ತು. ಇರಲಿ ಬಿಡಿ, ದುಡಿದವರಿಗೆ ಅಷ್ಟು ಜಂಬ ಬೇಕು ಅಂತ ನಾನೇ ಹೇಳುತ್ತಿದ್ದೆ.

ನಾನು ಗಿರೀಶ, ಅದೇ ಕೇಂದ್ರದ ಫೀಲ್ಡ್ ಸಹಾಯಕ. ತಿಂಗಳಿಗೊಮ್ಮೆ ಬೈಕಿನಲ್ಲಿ ಆದಿವಾಲದ ಆಚೆಯ ಗೊಲ್ಲರ ಹಟ್ಟಿಗೆ ಹೋಗಿ, ಕುರಿ ಕಾಯುವವರು ತೋಳವನ್ನು ಎಲ್ಲಿ, ಯಾವತ್ತು ಕಂಡರು ಅಂತ ಕೇಳಿ ಚೀಟಿ ಬರೆಯುವುದು ನನ್ನ ಕೆಲಸ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು ಅನ್ನುವುದು ನಿಯಮ. ಹಟ್ಟಿಗೆ ಹಿರಿಯಳು ದೊಡ್ಡಕ್ಕ. ಕುರುಚಲು ಗುಡ್ಡದಲ್ಲಿ ತೋಳ ಮರಿ ಹಾಕುವ ಗವಿ ಅವಳಿಗೆ ತನ್ನ ಅಡುಗೆಮನೆಯಷ್ಟು ಪರಿಚಯ. ಕುರಿ ಹೋದರೆ "ಅದರ ಪಾಲು ಅದು ತಿಂತು" ಅನ್ನುವಳು. ಮರಿ ಇರುವ ಗವಿ ಕೆದಕಿದರೆ ಹಟ್ಟಿಗೆ ಒಳ್ಳೆಯದಲ್ಲ ಅನ್ನುವುದು ಅವರ ನಂಬಿಕೆ. ಆದರೆ ಯಾವತ್ತು ಕಂಡೆ ಅಂದರೆ ತಾರೀಖು ಬರುವುದಿಲ್ಲ. "ಉಗಾದಿ ಅಮಾಸೆ ಆದ ಮೂರ್ನೇ ದಿನ" ಅನ್ನುವಳು. ನಾನು ಹಾಗೇ ಬರೆಯುತ್ತಿದ್ದೆ.

ಕಂಪ್ಯೂಟರ್ ಅಮಾವಾಸ್ಯೆ ಕೇಳುವುದಿಲ್ಲ. ಗುಲ್ನಾಜ್ ಅಂಥ ಚೀಟಿಗಳನ್ನೆಲ್ಲ 'ತಾರೀಖಿಲ್ಲ' ಅಂತ ಬರೆದ ಫೈಲಿಗೆ ಸೇರಿಸಿ ಪಕ್ಕಕ್ಕಿಡುತ್ತಿದ್ದಳು. ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ವರ್ಷ ಈ ದಾಖಲೆಗಳಿಂದ ಮಾಡಿದ ತೋಳಗಳ ನಕ್ಷೆ ಹೊರಬಂತು. ಆದಿವಾಲದ ಗುಡ್ಡದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಏನೂ ಇಲ್ಲದ ಜಾಗ ಅಂತ ಅರಣ್ಯ ಇಲಾಖೆಯವರು ಗಿಡ ನೆಡಲು ಆ ಗುಡ್ಡವನ್ನೇ ಆರಿಸಿದರು. ಜೆಸಿಬಿ ಗುಂಡಿ ತೋಡುತ್ತಾ ಗವಿಯನ್ನು ಮುಚ್ಚಿತು. ಒಳಗೆ ಮರಿಗಳಿದ್ದವು. ನಾನು ಸಿಟ್ಟಿನಿಂದ ಗುಲ್ನಾಜ್ ಹತ್ತಿರ ಹೋಗಿ, ನನ್ನ ಚೀಟಿಗಳು ಏನಾದವು ಅಂತ ಕೇಳಿದೆ.

"ತಾರೀಖಿಲ್ಲದ್ದು ದಾಖಲೆ ಆಗಲ್ಲ ಗಿರೀಶಣ್ಣ, ನಾನೇನ್ ಮಾಡ್ಲಿ?" ಅಂದಳು.

ಆ ಉತ್ತರ ಒಂದು ತಿಂಗಳೂ ಬಾಳಲಿಲ್ಲ. ಹಜ್ ಯಾತ್ರೆಗೆಂದು ಅಪ್ಪನ ಪಾಸ್‌ಪೋರ್ಟ್ ಅರ್ಜಿ ತುಂಬುತ್ತಿದ್ದಳಂತೆ. ಆಧಾರ್‌ನಲ್ಲಿ ಆ ಕಾಲದವರೆಲ್ಲರ ಹಾಗೆ ಜನವರಿ ಒಂದು. ನಿಜವಾಗಿ ಹುಟ್ಟಿದ್ದು ಯಾವತ್ತು ಅಂತ ತಮಾಷೆಗೆ ಕೇಳಿದಳು. ಬಕ್ರೀದ್ ಚಾಂದ್ ಕಂಡ ಮೂರನೇ ದಿನ ಅಂದರು ಕರೀಂ ಸಾಬರು, ವರ್ಷವನ್ನೂ ಹೇಳಿದರು. ಗುಲ್ನಾಜ್ ಮೊಬೈಲ್ ತೆಗೆದು ತಾರೀಖು ಹುಡುಕಿ ಹೇಳಿದಳು. ಒಂದು ನಿಮಿಷ ಹಿಡಿಯಿತು. ಆಮೇಲೆ ಅರ್ಜಿ ತುಂಬಲು ಅವಳಿಗೆ ಕೈ ಓಡಲಿಲ್ಲ.

ಮರುದಿನದಿಂದ ಆಫೀಸಿನಲ್ಲಿ ಹಳೇ ಪಂಚಾಂಗಗಳನ್ನು ಹರಡಿಕೊಂಡು ಕೂತಳು. ನಾನು ಹಟ್ಟಿಗೆ ಹೋಗಿದ್ದ ತಿಂಗಳು, ವರ್ಷ ಚೀಟಿಯ ಹಿಂದೆ ಇದ್ದೇ ಇತ್ತು. ನೂರಾ ಎಂಬತ್ತಾರು ಚೀಟಿಗೂ ಮೂರೇ ದಿನದಲ್ಲಿ ತಾರೀಖು ಸಿಕ್ಕಿತು. ನಕ್ಷೆ ತೆರೆದರೆ ಆ ಗುಡ್ಡದ ತುಂಬ ಚುಕ್ಕೆಗಳು.

"ರಂಜಾನ್‌ಗೆ ಚಾಂದ್ ನೋಡಿ ರೋಜಾ ಹಿಡಿಯೋಳು ನಾನು" ಅಂದಳು. "ಬೇರೆ ಯಾರಿಗೋ ಹೊಳೀಲಿಲ್ಲ ಅಂದ್ರೆ ಒಪ್ಪಬೋದು ಗಿರೀಶಣ್ಣ. ನನಗೆ ಹೆಂಗೆ ಹೊಳೀಲಿಲ್ಲ?"

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಹಾಗೆ. ಅಮಾವಾಸ್ಯೆ ಹುಣ್ಣಿಮೆ ಗುರುತು ಹಾಕಿದ ಕ್ಯಾಲೆಂಡರ್ ನನ್ನ ಮನೆಯ ಗೋಡೆಯ ಮೇಲೂ ಇದೆ. ಅವಳ ಮೇಲೆ ರೇಗಿದ್ದಕ್ಕೆ ನನಗೇ ನಾಚಿಕೆಯಾಯಿತು.

ಗುಲ್ನಾಜ್ ಕೇಂದ್ರದ ನಿರ್ದೇಶಕರಿಗೆ ತಪ್ಪು ಒಪ್ಪಿಕೊಂಡು ಪತ್ರ ಬರೆದಳು. ನೀವು ನಿಯಮದ ಪ್ರಕಾರವೇ ನಡೆದಿದ್ದೀರಿ, ನಿಮ್ಮ ತಪ್ಪೇನಿಲ್ಲ ಅಂತ ಅವರು ಉತ್ತರ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿದ್ದಳೇನೋ. ಈಗ ಊಟವೂ ಸೇರಲಿಲ್ಲ. "ದೊಡ್ಡಕ್ಕನ ಹತ್ರ ಹೋಗಾಣ" ಅಂದಳು.

ಹನ್ನೊಂದು ವರ್ಷದಲ್ಲಿ ಅವಳು ಆ ಹಟ್ಟಿಗೆ ಕಾಲಿಟ್ಟದ್ದು ಅದೇ ಮೊದಲು. ದೊಡ್ಡಕ್ಕ ಕಂಬಳಿ ಹಾಸಿ "ಬರ್ರಿ, ಕುಂತ್ಕಳ್ರಿ" ಅಂದಳು. ಗುಲ್ನಾಜ್ ಕೂರಲಿಲ್ಲ. ಚೀಟಿ ಪಕ್ಕಕ್ಕಿಟ್ಟಿದ್ದು, ನಕ್ಷೆಯಲ್ಲಿ ಗುಡ್ಡ ಖಾಲಿ ಉಳಿದದ್ದು, ಅದನ್ನು ನೋಡಿಯೇ ಜೆಸಿಬಿ ಬಂದದ್ದು, ಎಲ್ಲವನ್ನೂ ನಿಂತೇ ಹೇಳಿದಳು.

"ತಪ್ಪು ನಂದೇ ದೊಡ್ಡಕ್ಕ" ಅಂದಳು. ಮುಖ ಎತ್ತಲಿಲ್ಲ.

ದೊಡ್ಡಕ್ಕ ಬೈಯಲಿಲ್ಲ. ಗುಡ್ಡದ ಕಡೆ ಕೈ ತೋರಿಸಿದಳು.

"ಅವತ್ತು ನಮ್ಮ ಗಂಡಸ್ರು ಜೆಸಿಬಿಗೆ ಅಡ್ಡ ಮಲಗ್ತೀವಿ ಅಂತ ಹೊಂಟಿದ್ರು ಕಣಮ್ಮ" ಅಂದಳು. "ನಾನೇ ತಡೆದೆ. ಸುಮ್ಕಿರ್ರಿ, ಎಲ್ಲಾ ಆಫೀಸ್ನಾಗೆ ಬರ್ದಿಟ್ಟವ್ರೆ, ಅವರೇ ಬಂದು ನಿಲ್ಲಿಸ್ತಾರೆ ಅಂದೆ. ಸಂಜೆಗಂಟ ನಿಮ್ಮ ದಾರೀನೇ ನೋಡ್ತಾ ಕುಂತಿದ್ವಿ."