ಮದ್ದು ತಂದ ಆಕಾಶದವರು

ಕಳೆದ ತಿಂಗಳು ಮುಳ್ಳೇರಿಯದ ಒಂದು ಮದುವೆಯಲ್ಲಿ ಫೋಟೋದವರು ಡ್ರೋನ್ ಹಾರಿಸಿದರು. ಅದರ ಗುಂಯ್ ಶಬ್ದ ಚಪ್ಪರದ ಮೇಲೆ ಬಂದಾಗ ಎಲ್ಲರೂ ಮುಖ ಎತ್ತಿ ನಕ್ಕರು. ನನ್ನ ಪಕ್ಕದಲ್ಲಿದ್ದ ಅತ್ತೆ ಮಾತ್ರ ಪಾನಕದ ಲೋಟದ ಬಾಯನ್ನು ಅಂಗೈಯಿಂದ ಮುಚ್ಚಿದರು. ಶಬ್ದ ದೂರವಾದ ಮೇಲೂ ಕೈ ತೆಗೆಯಲಿಲ್ಲ.

ಎಣ್ಮಕಜೆಯಲ್ಲಿದ್ದ ಅತ್ತೆಯ ಮನೆ ಈಗ ಇಲ್ಲ. ನಿಮ್ಮ ಬಾಲ್ಯದಲ್ಲೂ ಅಂಥ ಮನೆಯೊಂದು ಇದ್ದೀತು. ಗೇರುಗುಡ್ಡದ ಬುಡದ ಆ ಹಂಚಿನ ಮನೆಯಲ್ಲಿ ರಜೆಯ ದಿನಗಳಂದು ನಾವು ಭೂಮಿಯ ಮೇಲೆ ಇರುತ್ತಿದ್ದುದೇ ಕಡಿಮೆ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾವ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಸೂರ್ಯರಿರುವ ಊರುಗಳನ್ನು ಬಿಡಿಸುತ್ತಿದ್ದರು. ಪರದೆಯಂತೆ ಅಡ್ಡ ಕಟ್ಟಿದ ಪಂಚೆಯ ಹಿಂದೆ ಟಾರ್ಚು ಹಿಡಿದು ರಟ್ಟಿನ ರಾಕೆಟ್ ಹಾರಿಸುತ್ತಿದ್ದರು. ಅವರಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಟೇಪ್‌ರೆಕಾರ್ಡರಿನ ನಾಟಕ. ಆ ಕ್ಯಾಸೆಟ್ಟುಗಳಿಗೆ ಬಿಸಿಯಾದ ಪ್ಲಾಸ್ಟಿಕ್ಕಿನದೂ ಗೇರುಹಣ್ಣಿನದೂ ಬೆರೆತ ವಾಸನೆ. ಅನ್ಯಗ್ರಹದವಳ ಪಾತ್ರ ಯಾವಾಗಲೂ ಅವರ ಮಗಳು ಶೈಲಾಳಿಗೆ. ನನಗಿಂತ ಒಂದು ವರ್ಷ ದೊಡ್ಡವಳು. ಅವಳು ತಾಮ್ರದ ಕೊಡಪಾನದ ಬಾಯಿಗೆ ಮುಖವಿಟ್ಟು ಮಾತಾಡಿದರೆ ಸ್ವರ ನಕ್ಷತ್ರಗಳಾಚೆಯಿಂದ ಬಂದಂತೆ ಕೇಳುತ್ತಿತ್ತು. "ನೀನು ಭೂಮಿಯವಳೇ ಆಗು ಮಾರಾಯ್ತಿ, ನಿನಗೆ ನಗು ತಡಿಲಿಕ್ಕೆ ಆಗುದಿಲ್ಲ" ಎಂದು ನನ್ನನ್ನು ಕೆಣಕುತ್ತಿದ್ದಳು.

ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಆಕಾಶದಿಂದ ಕೀಟನಾಶಕ ಸುರಿಯುವುದನ್ನು ನಮ್ಮಲ್ಲಿ 'ಮದ್ದು ಬಿಡುವುದು' ಎನ್ನುತ್ತಿದ್ದರು. ಕೆಮ್ಮಿಗೆ ಕುಡಿಸುವುದೂ ಮದ್ದೇ. ಎರಡಕ್ಕೂ ಒಂದೇ ಶಬ್ದವಿದ್ದುದರಿಂದ ನಾವು ಮಕ್ಕಳು ಹೆಲಿಕಾಪ್ಟರಿಗೆ ಹೆದರಲಿಲ್ಲ. ಗೇರುಮರಗಳಿಗೆ ಜ್ವರ ಎಂದುಕೊಂಡೆವು. ಮಾವನ ಕೊನೆಯ ನಾಟಕ ಹುಟ್ಟಿದ್ದೂ ಅದರಿಂದಲೇ: ಕಾಯಿಲೆ ಬಿದ್ದ ಭೂಮಿಗೆ ದೂರದ ಗ್ರಹದವರು ಮದ್ದು ತರುವ ಕತೆ. ನೌಕೆಯ ಶಬ್ದಕ್ಕಾಗಿ ಅವರು ಹೆಲಿಕಾಪ್ಟರ್ ಬರುವ ದಿನವನ್ನೇ ಕಾದರು. ಆ ದಿನ ನಾನು ಬಾಯಾರಿನ ನಮ್ಮ ಮನೆಯಲ್ಲಿದ್ದೆ.

ಆಮೇಲೆ ಶೈಲಾಳ ಕೈಕಾಲು ಸೆಟೆಯತೊಡಗಿದವು. ಕಾರಣ ಇದೇ ಎಂದು ಯಾವ ಡಾಕ್ಟರೂ ಖಂಡಿತವಾಗಿ ಹೇಳಲಿಲ್ಲ, ನಾನೂ ಹೇಳಲಾರೆ. ಅವಳು ಹೋದ ಮೇಲೆ ಮಾವ ಟೇಪ್‌ರೆಕಾರ್ಡರ್ ಮುಟ್ಟಲಿಲ್ಲ, ಯಾವ ಗ್ರಹದ ಮಾತನ್ನೂ ಆಡಲಿಲ್ಲ. ಈಗ ಅವರೂ ಇಲ್ಲ.

ಮದುವೆಯಿಂದ ಬಂದ ಸಂಜೆ ಅತ್ತೆ ಸೀರೆ ಮಡಚುತ್ತಾ ಕೇಳಿದರು: "ಆ ಕ್ಯಾಸೆಟ್ಟಿನಲ್ಲಿ ಅವಳ ಸ್ವರ ಇನ್ನೂ ಉಂಟಾ?" ಅವರು ಇಟ್ಟುಕೊಂಡಿದ್ದ ಆ ಕೊನೆಯ ನಾಟಕದ ಕ್ಯಾಸೆಟ್ಟನ್ನು ಸ್ಟುಡಿಯೋದಲ್ಲಿ ಮೊಬೈಲಿಗೆ ಹಾಕಿಸಿ, ಮೊದಲು ನಾನೊಬ್ಬಳೇ ಕೇಳಿದೆ. ಹೆಲಿಕಾಪ್ಟರಿನ ಗದ್ದಲ, ಅದರೊಳಗೆ ಶೈಲಾ: "ಹೆದರಬೇಡಿ. ನಾವು ಮದ್ದು ತಂದಿದ್ದೇವೆ." ದೂರದಿಂದ ಅತ್ತೆ: "ಬಾವಿ ಮುಚ್ಚಿ ಆಯ್ತು. ಮಗುವನ್ನು ಒಳಗೆ ಕಳಿಸಿ ಒಮ್ಮೆ." ಹತ್ತಿರದಿಂದ ಮಾವ: "ಒಂಚೂರು ನಿಲ್ಲು, ಸೌಂಡ್ ಒಳ್ಳೆದು ಬರ್ತಾ ಉಂಟು."

ಅತ್ತೆಯದೂ ಮಾವನದೂ ಆದ ಕೊನೆಯ ಆ ಮಾತುಗಳನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಅತ್ತೆಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಕಾದರು. ಆಮೇಲೆ, "ನಾನು ಕರೆದದ್ದು ಎಲ್ಲಿ ಹೋಯ್ತು?" ಎಂದರು.

ನಾನು ಪೂರ್ತಿಯದನ್ನು ಹಾಕಿದೆ. ತಮ್ಮ ಸ್ವರ ಬಂದಾಗ ಅತ್ತೆಯ ತುಟಿಗಳೂ ಅದರೊಂದಿಗೆ ಅಲುಗಿದವು. ಮಾವ ಬಾಯಿ ತೆರೆಯುವ ಮೊದಲೇ ಅವರು ಮೊಬೈಲಿನ ಮೇಲೆ ಅಂಗೈ ಇಟ್ಟರು, ಲೋಟ ಮುಚ್ಚಿದ ಹಾಗೆ.